ನೋಡಿ ಬಿಡಿಸಿದ ಮುಖ

ಮಕ್ಕಳು ತಾವು ಬಿಡಿಸಿದ ಚಿತ್ರವನ್ನು ತಂದು ತೋರಿಸಿದಾಗ ನಾವು ಹಿರಿಯರು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ ಆಗಿರುತ್ತದೆ: “ನೀನೇ ಯೋಚಿಸಿ ಬಿಡಿಸಿದ್ದಾ, ನೋಡಿ ಬಿಡಿಸಿದ್ದಾ?” ನೋಡಿ ಬಿಡಿಸಿದ್ದು ಎಂಬ ಉತ್ತರ ಬಂದರೆ ನಮ್ಮ ಮೆಚ್ಚುಗೆ ಅರ್ಧಕ್ಕೆ ಇಳಿಯುತ್ತದೆ. “ಓ, ಕಾಪಿಯಾ!” ಎಂದು ಹಾಳೆಯನ್ನು ಹಿಂದೆ ಕೊಟ್ಟುಬಿಡುತ್ತೇವೆ. ಸ್ವಂತದ್ದು ಮೇಲು, ನೋಡಿ ಮಾಡಿದ್ದು ಕೀಳು ಎಂಬ ಈ ತೀರ್ಮಾನ ಸರಿಯೇ ಎಂದು ಒಮ್ಮೆ ಯೋಚಿಸಿ ನೋಡುವುದು ಒಳ್ಳೆಯದು. ಇದು ಚಿತ್ರಕಲೆಗೆ ಮಾತ್ರ ಸೇರಿದ ವಿಷಯವಲ್ಲ. ಇನ್ನೊಬ್ಬರ ಕೆಲಸವನ್ನು ಅನುಸರಿಸುವಾಗ ಪ್ರಾಮಾಣಿಕತೆ ಎಲ್ಲಿಯವರೆಗೆ ಉಳಿಯುತ್ತದೆ, ಎಲ್ಲಿ ತಪ್ಪಿಹೋಗುತ್ತದೆ ಎಂಬುದು ನಮ್ಮೆಲ್ಲರ ಬದುಕಿನ ಪ್ರಶ್ನೆ.

ನಮ್ಮ ಮಾತಿನಲ್ಲೇ ಈ ಗೊಂದಲವಿದೆ. ತಾಲೂಕು ಕಚೇರಿಯಿಂದ ಪಡೆದ ದಾಖಲೆಯ ನಕಲನ್ನು ಜೋಪಾನವಾಗಿ ಕಪಾಟಿನಲ್ಲಿ ಇಡುತ್ತೇವೆ. ನಕಲಿ ನೋಟು ಕೈಗೆ ಬಂದರೆ ಹೆದರುತ್ತೇವೆ. ಪರೀಕ್ಷೆಯಲ್ಲಿ ಕಾಪಿ ಹೊಡೆದವನಿಗೆ ಶಿಕ್ಷೆ. ದಿನದ ಕಾಪಿ ಬರೆದು ತಾರದವನಿಗೂ ಶಿಕ್ಷೆ! ಒಂದೇ ಪದ ಒಮ್ಮೆ ಕರ್ತವ್ಯವಾಗುತ್ತದೆ, ಒಮ್ಮೆ ಅಪರಾಧವಾಗುತ್ತದೆ. ಹಾಗಾದರೆ ತಪ್ಪು ಇರುವುದು ನೋಡಿ ಮಾಡುವ ಕ್ರಿಯೆಯಲ್ಲಿ ಅಲ್ಲ, ಬೇರೆಲ್ಲೋ ಇರಬೇಕು.

ನಾವೆಲ್ಲ ಅಕ್ಷರ ಕಲಿತದ್ದು ತಿದ್ದಿಯೇ. ಹಿಂದಿನವರು ಮರಳಿನ ಮೇಲೆ ತಿದ್ದಿದರು, ಆಮೇಲಿನವರು ಸ್ಲೇಟಿನ ಮೇಲೆ. ಟೀಚರು ಬರೆದ ‘ಅ’ದ ಮೇಲೆಯೇ ಬಳಪವನ್ನು ಹತ್ತು ಸಲ, ಇಪ್ಪತ್ತು ಸಲ ಓಡಿಸಿದ ಮೇಲೆ ಅದು ನಮ್ಮ ಕೈಬರಹವಾಯಿತು. ಇಂದು ನಮ್ಮಲ್ಲಿ ಒಬ್ಬರ ಅಕ್ಷರದಂತೆ ಇನ್ನೊಬ್ಬರ ಅಕ್ಷರವಿಲ್ಲ. ಪಾರ್ತಿಸುಬ್ಬನ ಕುಂಬಳೆ ನಮ್ಮ ನೆರೆಯಲ್ಲೇ ಇದೆ. ಇಲ್ಲಿನ ಯಕ್ಷಗಾನ ಮೇಳಗಳಿಗೆ ಸೇರಿದ ಹುಡುಗ ಮೊದಲ ದಿನವೇ ಕಿರೀಟ ಕಟ್ಟುವುದಿಲ್ಲ. ಕೋಡಂಗಿಯಾಗಿ, ಬಾಲಗೋಪಾಲನಾಗಿ ಹಿರಿಯರ ಹೆಜ್ಜೆಯನ್ನೇ ಇಟ್ಟು ಬೆಳೆಯುತ್ತಾನೆ. ಅವನನ್ನು ಯಾರೂ ಕಳ್ಳನೆನ್ನುವುದಿಲ್ಲ. ಚಿತ್ರದ ಮಾತು ಬಂದಾಗ ಮಾತ್ರ ನಮಗೆ ಮೊದಲ ದಿನವೇ ಸ್ವಂತದ್ದು ಬೇಕು.

ನಮ್ಮ ಉತ್ತರಕ್ಕಿರುವ ಮಂಗಳೂರಿನಲ್ಲೂ ದಕ್ಷಿಣಕ್ಕಿರುವ ಕೊಚ್ಚಿಯಲ್ಲೂ ಒಬ್ಬನೇ ಚಿತ್ರಕಾರನ ಕೆಲಸವಿದೆ. ಯೇಸುಸಭೆಯ ಬ್ರದರ್ ಆಂಟೋನಿಯೊ ಮೊಸ್ಕೇನಿ 1854ರಲ್ಲಿ ಇಟಲಿಯ ಬೆರ್ಗಾಮೊ ನಗರದ ಹತ್ತಿರದ ಸ್ತೆಜಾನೊ ಎಂಬ ಊರಿನಲ್ಲಿ ಹುಟ್ಟಿದರು. ಬೆರ್ಗಾಮೊದ ಅಕಾಡೆಮಿಯಾ ಕರ್ರಾರಾದಲ್ಲಿ ಚಿತ್ರಕಲೆ ಕಲಿತರು. ಅದು ಹಳೆಯ ಚಿತ್ರಗಳ ಸಂಗ್ರಹಾಲಯವೂ ಹೌದು, ಶಾಲೆಯಾಗಿಯೂ ಸ್ಥಾಪನೆಯಾದದ್ದು. ಬೆಲ್ಲಿನಿ, ರಫಾಯೆಲ್ ಮೊದಲಾದ ಪುನರುಜ್ಜೀವನ ಕಾಲದ ಗುರುಗಳ ಚಿತ್ರಗಳು ಅಲ್ಲಿವೆ. ಮೊಸ್ಕೇನಿ 1899ರಲ್ಲಿ ಮಂಗಳೂರಿಗೆ ಬಂದು, ಸಂತ ಅಲೋಶಿಯಸ್ ಚಾಪೆಲಿನ ಗೋಡೆ ಚಾವಣಿಗಳನ್ನು ಫ್ರೆಸ್ಕೋ ಮತ್ತು ತೈಲವರ್ಣದ ಚಿತ್ರಗಳಿಂದ ತುಂಬಿದರು. ನಮ್ಮಲ್ಲಿ ಅದನ್ನು ತಲೆಯೆತ್ತಿ ನೋಡದವರು ಕಡಿಮೆ. ಆಮೇಲೆ ಅವರು ಹೋದದ್ದು ಕೊಚ್ಚಿಯ ಸಾಂತಾ ಕ್ರೂಸ್ ದೇವಾಲಯಕ್ಕೆ. ಅಲ್ಲಿನ ಬಲಿಪೀಠದ ಕಡೆ ಯೇಸುಸ್ವಾಮಿಯ ಯಾತನೆ ಮರಣಗಳನ್ನು ತೋರಿಸುವ ದೊಡ್ಡ ಕ್ಯಾನ್ವಾಸ್ ಚಿತ್ರಗಳಿವೆ. ಅವುಗಳಲ್ಲಿ ಒಂದು ಕೊನೆಯ ಭೋಜನ. ಅದು ಲಿಯೊನಾರ್ಡೊ ಡ ವಿಂಚಿ ಮಿಲಾನಿನಲ್ಲಿ ಬಿಡಿಸಿದ ಪ್ರಸಿದ್ಧ ಚಿತ್ರವನ್ನು ಮಾದರಿಯಾಗಿಟ್ಟುಕೊಂಡು ಮಾಡಿದ್ದು. ಆ ದೇವಾಲಯ 1905ರ ನವೆಂಬರ್ 19ರಂದು ಅಭಿಷೇಕಗೊಂಡಿತು. ಅದಕ್ಕೆ ನಾಲ್ಕು ದಿನ ಮೊದಲು, 15ರಂದು, ಮೊಸ್ಕೇನಿ ಕೊಚ್ಚಿಯಲ್ಲೇ ತೀರಿಕೊಂಡರು. ಕೆಲಸದಲ್ಲಿ ಅವರ ಜೊತೆಗಿದ್ದ ಶಿಷ್ಯ ಮಂಗಳೂರಿನ ಡಿ ಗಾಮಾ.

ಇಲ್ಲಿ ನಮ್ಮ ಪ್ರಶ್ನೆಯನ್ನು ಇಟ್ಟು ನೋಡೋಣ. ಜೀವನವಿಡೀ ಕುಂಚ ಹಿಡಿದ, ಒಂದು ಚಾಪೆಲನ್ನೇ ತನ್ನ ಚಿತ್ರಗಳಿಂದ ತುಂಬಿದ ಮನುಷ್ಯ ಇನ್ನೊಬ್ಬರ ಚಿತ್ರವನ್ನು ಮಾದರಿಯಾಗಿ ಇಟ್ಟುಕೊಂಡದ್ದು ಸೋಲೇ? ಹಾಗೆ ಹೇಳುವುದಾದರೆ ರೂಬೆನ್ಸ್‌ಗೂ ಅದೇ ಮಾತು ಹೇಳಬೇಕಾಗುತ್ತದೆ. ಯುರೋಪಿನ ಅರಸರೆಲ್ಲ ಚಿತ್ರಕ್ಕಾಗಿ ಕಾದು ನಿಂತಿದ್ದ ಕಾಲದಲ್ಲಿ, ಐವತ್ತು ದಾಟಿದ ರೂಬೆನ್ಸ್ 1628ರಲ್ಲಿ ಮ್ಯಾಡ್ರಿಡ್‌ಗೆ ಹೋಗಿ, ಅಲ್ಲಿನ ಅರಮನೆಯಲ್ಲಿದ್ದ ಟಿಶಿಯನ್ನನ ಚಿತ್ರಗಳನ್ನು ವಿದ್ಯಾರ್ಥಿಯಂತೆ ನೋಡಿ ನೋಡಿ ಬಿಡಿಸಿದ. ಟಿಶಿಯನ್ನನ ಆದಾಮ ಹವ್ವರ ಚಿತ್ರ, ರೂಬೆನ್ಸ್ ಅದನ್ನು ನೋಡಿ ಮಾಡಿದ ಚಿತ್ರ, ಎರಡೂ ಇಂದು ಪ್ರಾಡೊ ಸಂಗ್ರಹಾಲಯದಲ್ಲಿವೆ. ಗುರುವಾದವನಿಗೂ ಗುರು ಬೇಕಾಗುತ್ತಾನೆ ಎಂಬುದಕ್ಕೆ ಅವು ಸಾಕ್ಷಿ.

ಒಂದು ಭಾವಚಿತ್ರವನ್ನು ನೋಡಿ ಬಿಡಿಸುವುದೆಂದರೆ ಏನು ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿದರೆ ಈ ವಿಷಯ ಸ್ಪಷ್ಟವಾಗುತ್ತದೆ. ಮೊಸ್ಕೇನಿಯ ನಾಡಾದ ಬೆರ್ಗಾಮೊದ ಬಳಿಯಲ್ಲೇ 16ನೇ ಶತಮಾನದಲ್ಲಿ ಜೊವಾನ್ನಿ ಬಾತಿಸ್ತಾ ಮೊರೋನಿ ಎಂಬ ಭಾವಚಿತ್ರಕಾರನಿದ್ದ. ಅವನ ‘ದರ್ಜಿ’ ಎಂಬ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಸುಮಾರು 1565–70ರದ್ದು. ಒಬ್ಬ ಯುವಕ ಮೇಜಿನ ಮುಂದೆ ನಿಂತಿದ್ದಾನೆ. ಬಿಳಿಗೆಂದು ಬಣ್ಣದ ಅಂಗಿ, ಕೆಂಪು ಚಲ್ಲಣ. ಬಲಗೈಯಲ್ಲಿ ಕತ್ತರಿ, ಮುಂದೆ ಸೀಮೆಸುಣ್ಣದ ಗೆರೆ ಎಳೆದ ಕಪ್ಪು ಬಟ್ಟೆ. ಅಂಗಡಿಗೆ ಈಗ ತಾನೇ ಬಂದ ಗಿರಾಕಿಯನ್ನು ನೋಡುವಂತೆ ಅವನು ತಲೆಯೆತ್ತಿ ನಮ್ಮನ್ನು ನೋಡುತ್ತಾನೆ. ದೊರೆಗಳು, ಶ್ರೀಮಂತರು ಮಾತ್ರ ತಮ್ಮ ಚಿತ್ರ ಬರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಕೆಲಸದ ಮೇಜಿನ ಮುಂದೆ ನಿಂತ ದರ್ಜಿಯ ಚಿತ್ರ ಅಪರೂಪವೇ.

ಇದನ್ನು ನೋಡಿ ಬಿಡಿಸಲು ಹೊರಟ ವಿದ್ಯಾರ್ಥಿ ಮೊದಲು ಮುದ್ರಿತ ಚಿತ್ರದ ಮೇಲೂ ತನ್ನ ಕ್ಯಾನ್ವಾಸಿನ ಮೇಲೂ ಸಮನಾದ ಚೌಕಗಳನ್ನು ಹಾಕುತ್ತಾನೆ. ಒಂದೊಂದು ಚೌಕದಲ್ಲಿ ಯಾವ ಗೆರೆ ಎಲ್ಲಿ ಹಾದುಹೋಗುತ್ತದೆ ಎಂದು ಅಳೆದು ಗುರುತಿಸುತ್ತಾನೆ. ಅದರ ಮೇಲೆ ತೆಳುವಾದ ಕಂದು ಬಣ್ಣದಲ್ಲಿ ನೆರಳು ಎಲ್ಲಿ, ಬೆಳಕು ಎಲ್ಲಿ ಎಂಬುದನ್ನಷ್ಟೇ ಹಾಕುತ್ತಾನೆ. ಅದು ಒಣಗಿದ ಮೇಲೆ ಚರ್ಮದ ಬಣ್ಣ. ತೈಲವರ್ಣ ನೀರಿನಂತೆ ಆರಿಹೋಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ನಮ್ಮ ಆಟಿ ತಿಂಗಳ ಥಂಡಿಯಲ್ಲಿ ಇನ್ನೂ ನಿಧಾನ. ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಎಣ್ಣೆ ಹೆಚ್ಚಿರಬೇಕು, ಇಲ್ಲವಾದರೆ ಮುಂದೆ ಬಿರುಕು ಬಿಡುತ್ತದೆ. ಅವಸರ ಮಾಡಿದರೆ ಕೆಳಗಿನ ಹಸಿ ಬಣ್ಣ ಮೇಲೆ ಬಂದು ಎಲ್ಲವೂ ಕೆಸರಾಗುತ್ತದೆ. ಹೀಗಾಗಿ ಒಂದು ಮುಖದ ಮುಂದೆ ವಾರಗಟ್ಟಲೆ ಕೂರಬೇಕು.

ಕೂತಷ್ಟೂ ತನಗೆ ಗೊತ್ತಿದೆ ಎಂದುಕೊಂಡದ್ದು ಗೊತ್ತಿಲ್ಲವೆಂದು ತಿಳಿಯುತ್ತದೆ. ಕಣ್ಣಿನ ಬಿಳಿ ಬಿಳಿಯಾಗಿಲ್ಲ, ಬೂದಿಗೆ ಹತ್ತಿರವಿದೆ. ತುಟಿಗೆ ಗೆರೆಯೇ ಇಲ್ಲ. ಒಂದು ಬಣ್ಣ ಇನ್ನೊಂದಾಗಿ ತಿರುಗುವ ಕಡೆಯನ್ನು ನಾವು ಗೆರೆ ಎಂದು ಭಾವಿಸಿದ್ದೆವು. ಕೆನ್ನೆಯ ನೆರಳಿನಲ್ಲಿ ಸ್ವಲ್ಪ ಹಸಿರು ಇದೆ. ಚಿತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿದಾಗ, ಕನ್ನಡಿಯಲ್ಲಿ ನೋಡಿದಾಗ, ತನ್ನ ದರ್ಜಿಯ ಒಂದು ಕಣ್ಣು ಕೆಳಗೆ ಇಳಿದದ್ದು ಕಾಣುತ್ತದೆ. ಪರೀಕ್ಷೆಯ ಕಾಪಿಗೂ ಈ ಕಾಪಿಗೂ ಇರುವ ವ್ಯತ್ಯಾಸ ಇದೇ. ಅಲ್ಲಿ ನಕಲು ಮಾಡುವವನು ತನಗೆ ಬಾರದ್ದನ್ನು ಮುಚ್ಚಿಡುತ್ತಾನೆ. ಇಲ್ಲಿ ಅವನಿಗೆ ಬಾರದ್ದೆಲ್ಲ ಕ್ಯಾನ್ವಾಸಿನ ಮೇಲೆ ಎಲ್ಲರಿಗೂ ಕಾಣುವಂತೆ ಬಂದು ನಿಲ್ಲುತ್ತದೆ. ಮೊಬೈಲಿನಲ್ಲಿ ಅದೇ ಚಿತ್ರದ ಫೋಟೊ ತೆಗೆಯಲು ಒಂದು ಕ್ಷಣ ಸಾಕು. ಆದರೆ ಫೋಟೊ ತೆಗೆದವನು ಇದಾವುದನ್ನೂ ಕಲಿಯುವುದಿಲ್ಲ.

ನಿಷ್ಠೆಯಿಂದ ಮಾಡಿದ ಪ್ರತಿಯಿಂದ ಕಲಿಯುವವನಿಗೆ ಮಾತ್ರವಲ್ಲ, ಮೂಲಕ್ಕೂ ಉಪಕಾರವಾದದ್ದುಂಟು. ಲಿಯೊನಾರ್ಡೊ ಕೊನೆಯ ಭೋಜನವನ್ನು ಒಣ ಗೋಡೆಯ ಮೇಲೆ ಬಿಡಿಸಿದ ಕಾರಣ ಅದು ಅವನ ಕಾಲದಲ್ಲೇ ಉದುರಲು ತೊಡಗಿತು. 1652ರಲ್ಲಿ ಆ ಗೋಡೆಗೆ ಬಾಗಿಲು ತೆಗೆದಾಗ ಯೇಸುಸ್ವಾಮಿಯ ಪಾದಗಳೇ ಹೋದವು. ಆ ಪಾದಗಳನ್ನು ಇಂದು ನೋಡಬೇಕಾದರೆ ಜಂಪಿಯೆತ್ರಿನೊ ಎಂಬ ಅನುಯಾಯಿ ಮಾಡಿದ್ದೆಂದು ಹೇಳಲಾಗುವ, ಲಂಡನ್ನಿನ ರಾಯಲ್ ಅಕಾಡೆಮಿಯ ಬಳಿಯಿರುವ ಪ್ರತಿಯನ್ನು ನೋಡಬೇಕು. ಯೂದನ ಕೈ ತಗುಲಿ ಮಗುಚಿದ ಉಪ್ಪಿನ ಪಾತ್ರೆಯೂ ಅದರಲ್ಲೇ ಸ್ಪಷ್ಟವಾಗಿದೆ. ಮೂಲಚಿತ್ರವನ್ನು 1978ರಿಂದ 1999ರವರೆಗೆ ದುರಸ್ತಿ ಮಾಡಿದಾಗ ಆ ಪ್ರತಿ ನೆರವಾಯಿತು. ಹಾಗೆಯೇ ಪ್ರಾಡೊದಲ್ಲಿರುವ ಮೋನಾ ಲಿಸಾದ ಪ್ರತಿಯನ್ನು ಬಹುಕಾಲ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಿನ್ನೆಲೆಗೆ ಬಳಿದಿದ್ದ ಕಪ್ಪನ್ನು ತೆಗೆದ ಮೇಲೆ, ಅದು ಲಿಯೊನಾರ್ಡೊ ಮೂಲವನ್ನು ಬಿಡಿಸುತ್ತಿದ್ದಾಗಲೇ ಶಿಷ್ಯನೊಬ್ಬ ಪಕ್ಕದಲ್ಲಿ ಮಾಡಿದ್ದು ಎಂಬ ತಜ್ಞರ ಅಭಿಪ್ರಾಯ 2012ರಲ್ಲಿ ಹೊರಬಂತು. ಗುರು ತಿದ್ದಿದ ಕಡೆಯೆಲ್ಲ ಶಿಷ್ಯನೂ ತಿದ್ದಿದ್ದ. ಮೂಲದಲ್ಲಿ ಮಸುಕಾದ ಬಣ್ಣಗಳು ಅಲ್ಲಿ ಉಳಿದಿವೆ. ಗುರುವಿನ ಕೈಯಲ್ಲಿ ಅಳಿದುಹೋದದ್ದನ್ನು ಶಿಷ್ಯನ ಕೈ ಕಾಪಾಡಿತು.

ಹಾಗಾದರೆ ನಕಲು ಎಲ್ಲಿ ಕೆಡುತ್ತದೆ? ಇದಕ್ಕೂ ದೊಡ್ಡವರಲ್ಲೇ ಉದಾಹರಣೆಯಿದೆ. ಯುವಕನಾಗಿದ್ದಾಗ ಮೈಕೆಲ್ಯಾಂಜೆಲೊ ಹಳೆಯ ಗುರುಗಳ ರೇಖಾಚಿತ್ರಗಳನ್ನು ಎರವಲು ತಂದು ತದ್ರೂಪವಾಗಿ ಬಿಡಿಸಿ, ಹೊಗೆ ಹಿಡಿಸಿ ಹಳೆಯದರಂತೆ ಮಾಡಿ, ಮೂಲವನ್ನು ತಾನಿಟ್ಟುಕೊಂಡು ನಕಲನ್ನು ಹಿಂದೆ ಕೊಡುತ್ತಿದ್ದನೆಂದು ಅವನ ಜೀವನ ಬರೆದ ವಸಾರಿ ಹೇಳುತ್ತಾನೆ. ವಸಾರಿ ಅದನ್ನು ಮೆಚ್ಚಿಕೊಂಡೇ ಬರೆದಿದ್ದಾನೆ. ನಾವು ಮೆಚ್ಚಬೇಕಾಗಿಲ್ಲ. ಕೈ ಮಾಡಿದ ಕೆಲಸ ಎರಡೂ ಕಡೆ ಒಂದೇ: ನೋಡುವುದು, ಅಳೆಯುವುದು, ಬಿಡಿಸುವುದು. ತಪ್ಪು ಶುರುವಾದದ್ದು ಹೊಗೆ ಹಿಡಿಸಿದಲ್ಲಿ, ಇದು ಅದೇ ಎಂದು ಹೇಳಿ ಇನ್ನೊಬ್ಬರ ಕೈಗೆ ಇಟ್ಟಲ್ಲಿ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯ ಇಂದಿಗೂ ಚಿತ್ರಗಳನ್ನು ನೋಡಿ ಬಿಡಿಸಲು ಅನುಮತಿ ಕೊಡುತ್ತದೆ. ಆದರೆ ಪ್ರತಿಯ ಅಳತೆ ಮೂಲದ ಅಳತೆಗಿಂತ ಬೇರೆಯಾಗಿರಬೇಕು, ಮೂಲ ಕಲಾವಿದನ ಸಹಿಯನ್ನು ನಕಲು ಮಾಡಕೂಡದು. ಆ ಎರಡು ನಿಯಮಗಳಲ್ಲಿ ಇಡೀ ನೀತಿಯೇ ಅಡಗಿದೆ. ಕಲಿ, ಆದರೆ ಯಾರಿಂದ ಕಲಿತೆ ಎಂಬುದನ್ನು ಮುಚ್ಚಿಡಬೇಡ.

ಇದರ ಇನ್ನೊಂದು ಬದಿಯನ್ನೂ ಹೇಳಬೇಕು. ಕಲಿಯುವವನಿಗೆ ಕೃತಜ್ಞತೆಯ ಸಾಲವಿದ್ದರೆ, ಬಲ್ಲವನಿಗೆ ತೋರಿಸಿಕೊಡುವ ಸಾಲವಿದೆ. 1868ರಲ್ಲಿ ಥಿಯೊಡೋರ್ ಜೆನ್ಸನ್ ಎಂಬ ಚಿತ್ರಕಾರ ತಿರುವನಂತಪುರದ ಅರಮನೆಗೆ ಬಂದಾಗ ಯುವಕ ರವಿವರ್ಮನಿಗೆ ಸಿಕ್ಕಿದ್ದು ಅವನು ಬಿಡಿಸುವುದನ್ನು ನೋಡುವ ಅವಕಾಶ ಮಾತ್ರ, ಪಾಠವಲ್ಲ. ಅರಮನೆಯ ಚಿತ್ರಕಾರ ರಾಮಸ್ವಾಮಿ ನಾಯ್ಕರ್ ಕಲಿಸಲು ಒಪ್ಪಲಿಲ್ಲ, ಅವರ ಶಿಷ್ಯ ಆರುಮುಗಂ ಪಿಳ್ಳೆ ಗುಟ್ಟಾಗಿ ಹೇಳಿಕೊಟ್ಟರು ಎಂದು ರವಿವರ್ಮನ ಚರಿತ್ರೆಯಲ್ಲಿ ಬರುತ್ತದೆ. ವಿದ್ಯೆಯನ್ನು ಬಚ್ಚಿಟ್ಟರೆ ಕಲಿಯುವವನು ಕದ್ದು ನೋಡಬೇಕಾಗುತ್ತದೆ. ಮೊಸ್ಕೇನಿ ಮಂಗಳೂರಿನ ಒಬ್ಬನನ್ನು ಜೊತೆಗೆ ಕರೆದುಕೊಂಡು ಕೆಲಸ ಮಾಡಿದರು. ಡಿ ಗಾಮಾ ಎಂಬ ಮನೆತನದ ಹೆಸರಷ್ಟೇ ಜನರ ಬಾಯಲ್ಲಿ ಉಳಿದಿದ್ದರೂ, ಗುರುವಿನ ಹೆಸರಿನ ಪಕ್ಕದಲ್ಲಿ ಅದು ಇಂದಿಗೂ ಇದೆ. ಅಷ್ಟು ಜಾಗ ಬಿಟ್ಟುಕೊಡುವುದೂ ಗುರುವಿನ ಪ್ರಾಮಾಣಿಕತೆಯೇ.

ಕೆಲವರು ಕೇಳಬಹುದು: ಕಾಸರಗೋಡಿನ ಹುಡುಗಿಯೊಬ್ಬಳು ಇಟಲಿಯ ದರ್ಜಿಯ ಮುಖವನ್ನು ಏಕೆ ಬಿಡಿಸಬೇಕು? ನಮ್ಮ ದೇವಾಲಯಗಳಲ್ಲಿ ಪರದೇಶದ ಮುಖಗಳು ಸಾಲದೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಗೋವೆಯ ಆಂಜೆಲೊ ಡ ಫೊನ್ಸೆಕಾ ಇದನ್ನೇ ಕೇಳಿಕೊಂಡು, ಮಾತೆ ಮರಿಯಮ್ಮನವರಿಗೆ ಸೀರೆ ಉಡಿಸಿ ನಮ್ಮ ನಾಡಿನ ಹೆಂಗಸಾಗಿ ಚಿತ್ರಿಸಿದರು. ಸ್ವಂತ ಊರಿನಲ್ಲಿ ಅದಕ್ಕಾಗಿ ಟೀಕೆಯನ್ನೂ ಕೇಳಿದರು. ಆದರೆ ಫೊನ್ಸೆಕಾ ಕೂಡ ಶಾಂತಿನಿಕೇತನದಲ್ಲಿ ಗುರುಗಳ ಬಳಿ ಕೂತು, ಅವರ ರೇಖೆಯನ್ನು ಅನುಸರಿಸಿಯೇ ಕಲಿತವರು. ಮನೆಯಲ್ಲಿ ಕೊಂಕಣಿ, ಅಂಗಳದಾಚೆ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ಮಲಯಾಳ ಎಂದು ಬದುಕುವ ನಮಗೆ ಇದು ಹೊಸತಲ್ಲ. ಇನ್ನೊಬ್ಬರ ಮಾತನ್ನು ಕಲಿತದ್ದರಿಂದ ನಮ್ಮ ಮಾತು ಹೋಗಲಿಲ್ಲ. ಬಳಸುವುದನ್ನು ಬಿಟ್ಟಾಗ ಮಾತ್ರ ಹೋಗುತ್ತದೆ. ಹಾಗೆಯೇ ದರ್ಜಿಯ ಮುಖವನ್ನು ಬಿಡಿಸಿದ್ದರಿಂದ ತೊಂದರೆಯಿಲ್ಲ. ಅಲ್ಲಿಗೇ ನಿಂತುಬಿಟ್ಟರೆ ತೊಂದರೆ.

ಏಕೆಂದರೆ ಆ ಗುರುಗಳು ಅಲ್ಲಿಗೆ ನಿಂತವರಲ್ಲ. ಸುಮಾರು 1400ರಲ್ಲಿ ಚಿತ್ರವಿದ್ಯೆಯ ಕೈಪಿಡಿ ಬರೆದ ಚೆನ್ನಿನೊ ಚೆನ್ನಿನಿ, ಒಬ್ಬ ಒಳ್ಳೆಯ ಗುರುವನ್ನು ಆರಿಸಿಕೊಂಡು ಅವನನ್ನೇ ದಿನವೂ ಅನುಸರಿಸು ಎಂಬ ಬುದ್ಧಿ ಹೇಳುತ್ತಾನೆ. ಎಲ್ಲಕ್ಕಿಂತ ಒಳ್ಳೆಯ ದಾರಿತೋರಕ ಮಾತ್ರ ಪ್ರಕೃತಿಯೇ ಎಂಬುದನ್ನೂ ಸೇರಿಸುತ್ತಾನೆ. ಲಿಯೊನಾರ್ಡೊ ಶಿಷ್ಯರ ಮುಖಗಳಿಗಾಗಿ ಜೀವಂತ ಜನರನ್ನು ನೋಡುತ್ತಾ ತಿರುಗಿದವನು. ಕೆಲಸ ತಡವಾಯಿತೆಂದು ಮಠದ ಹಿರಿಯರು ದೂರಿದಾಗ, ಯೂದನ ಮುಖ ಇನ್ನೂ ಸಿಕ್ಕಿಲ್ಲ, ಬೇರೆ ಯಾರೂ ಸಿಗದಿದ್ದರೆ ಆ ಹಿರಿಯರ ಮುಖವೇ ಆದೀತು ಎಂದು ಅವನು ತಮಾಷೆ ಮಾಡಿದ್ದನ್ನು ವಸಾರಿ ಬರೆದಿದ್ದಾನೆ. ಮೊರೋನಿಯ ದರ್ಜಿಯೂ ನಿಂತು ನೋಡಲು ಸಿಕ್ಕಿದ ಒಬ್ಬ ಮನುಷ್ಯ. ನಾವು ನೋಡಿ ಬಿಡಿಸುವುದು ಅವರ ಬಣ್ಣವನ್ನು. ನಿಜವಾಗಿ ಅನುಸರಿಸಬೇಕಾದದ್ದು ಅವರು ಮನುಷ್ಯರನ್ನು ನೋಡಿದ ರೀತಿಯನ್ನು. ಮೊದಲನೆಯದು ಎರಡನೆಯದಕ್ಕೆ ಒಯ್ಯದಿದ್ದರೆ ಕಲಿಕೆ ಅರ್ಧದಲ್ಲೇ ನಿಂತಂತೆ.

ಈಗ ನಮ್ಮ ಮನೆಗಳ ಗೋಡೆಗಳನ್ನು ನೋಡೋಣ. ಪೀಠದ ಮೇಲೆ ಯೇಸುಸ್ವಾಮಿಯ ಪವಿತ್ರ ಹೃದಯದ ಪಟ. ಅದರ ಪಕ್ಕದಲ್ಲಿ ತೀರಿಕೊಂಡ ಅಜ್ಜನದ್ದೋ ಅಜ್ಜಿಯದ್ದೋ ಫೋಟೊ. ಆ ಫೋಟೊ ಹೆಚ್ಚಾಗಿ ಯಾವುದೋ ಗುರುತಿನ ಚೀಟಿಗೆಂದು ತೆಗೆದದ್ದು. ಅವರು ಹೋದ ಮೇಲೆ ಅವಸರದಲ್ಲಿ ಸ್ಟುಡಿಯೊಗೆ ಕೊಟ್ಟು ದೊಡ್ಡದು ಮಾಡಿಸಿದ್ದು. ಎಪ್ಪತ್ತು ಎಂಬತ್ತು ವರ್ಷ ಬಾಳಿದವರ ಮುಖವನ್ನು ಒಮ್ಮೆಯಾದರೂ ಅರ್ಧ ಗಂಟೆ ಸುಮ್ಮನೆ ಕೂತು ನೋಡಿದವರು ಮನೆಯಲ್ಲಿ ಇರುವುದಿಲ್ಲ. ಬೀಡಿ ಕಟ್ಟಿ ಸಂಸಾರ ಸಾಕಿದ ತಾಯಿ, ಅಡಿಕೆ ಸುಲಿಯುತ್ತ ಬೆನ್ನು ಬಾಗಿದ ಮಾವ, ಗಲ್ಫಿಗೆ ಹೋದ ಮಗನ ಫೋನಿಗಾಗಿ ಸಂಜೆ ಕಾಯುವ ಅಜ್ಜಿ: ಇವರ ಮುಖಗಳು ಮೊರೋನಿಯ ದರ್ಜಿಯ ಮುಖಕ್ಕಿಂತ ಕಡಿಮೆಯವಲ್ಲ. ಪ್ರತಿ ಮನುಷ್ಯನೂ ದೇವರ ಹೋಲಿಕೆಯಲ್ಲಿ ಸೃಷ್ಟಿಯಾದವನೆಂದು ನಾವು ನಂಬುತ್ತೇವೆ. ಆ ನಂಬಿಕೆ ಬಾಯಿಮಾತಾಗದಿರಬೇಕಾದರೆ ಹತ್ತಿರದ ಮುಖವನ್ನು ನೋಡುವ ತಾಳ್ಮೆಯಾದರೂ ನಮಗೆ ಬರಬೇಕು.

ಆದ್ದರಿಂದ ಚಿತ್ರದ ಆಸಕ್ತಿಯಿರುವ ನಮ್ಮ ಮಕ್ಕಳಿಗೂ ಯುವಜನರಿಗೂ ಹಳೆಯ ಗುರುಗಳ ಒಂದು ಮುಖವನ್ನು ನೋಡಿ ಬಿಡಿಸಲು ಧೈರ್ಯ ಹೇಳೋಣ. ತೈಲವರ್ಣ ದುಬಾರಿ ಅನ್ನಿಸಿದರೆ ಪೆನ್ಸಿಲ್ ಸಾಕು. ಮುಗಿದ ಮೇಲೆ ಹಿಂಬದಿಯಲ್ಲಿ ಯಾರ ಚಿತ್ರವನ್ನು ನೋಡಿ ಬಿಡಿಸಿದ್ದು, ಬಿಡಿಸಿದವರು ಯಾರು, ಎರಡನ್ನೂ ಬರೆಯಲಿ. ಆಮೇಲಿನ ಹಾಳೆಯೊಂದಿಗೆ ಮನೆಯ ಜಗಲಿಗೆ ಬಂದು, ಅಲ್ಲಿ ಕೂತಿರುವ ಹಿರಿಯರ ಮುಂದೆ ಕೂರಲಿ. ಮೂಗು ಸೊಟ್ಟಗಾದೀತು, ಕಣ್ಣು ಮೇಲೆ ಕೆಳಗಾದೀತು. “ನಾನು ಹೀಗಿದ್ದೇನಾ?” ಎಂದು ಅಜ್ಜಿ ನಕ್ಕಾರು. ಆದರೆ ಅಷ್ಟು ಹೊತ್ತು ಅವರನ್ನು ಯಾರಾದರೂ ನೋಡಿ ಎಷ್ಟು ವರ್ಷವಾಗಿತ್ತೋ! ಚಿತ್ರ ಹೇಗೆ ಬಂದರೂ ಆ ಅರ್ಧ ಗಂಟೆ ಇಬ್ಬರಿಗೂ ಲಾಭವೇ.